ಶಾಲೆ ಮತ್ತು ಸಾಮಾಜಿಕ ಅಸಮಾನತೆ

ಜನ್ಮದಿಂದ ಪ್ರಾಪ್ತವಾದ ಉಚ್ಚನೀಚಗಳನ್ನು ವಿದ್ಯೆಯು ಅಳಿಸಬಲ್ಲುದೆಂಬ ವಿಶ್ವಾಸದ ಮೇಲೆ ಸಾರ್ವಜನಿಕ ಶಾಲೆಯು ನಿಂತಿದೆ. ಆದರೆ ಪ್ರವೇಶ, ಪಂಕ್ತಿ, ಭಾಷೆ, ಪರೀಕ್ಷೆ ಮೊದಲಾದ ತನ್ನ ನಿತ್ಯವ್ಯವಹಾರಗಳ ಮೂಲಕ ಅದೇ ಶಾಲೆಯು ಆ ಭೇದಗಳನ್ನು ಮುಂದಿನ ತಲೆಮಾರಿಗೆ ದಾಟಿಸುವುದೂ ಉಂಟು. ಸಮಾಜಶಾಸ್ತ್ರದಲ್ಲಿ ಇದಕ್ಕೆ ಸಾಮಾಜಿಕ ಪುನರುತ್ಪಾದನೆಯೆಂದು ಹೆಸರು.

ಭಾರತದಲ್ಲಿ ಈ ಪ್ರಶ್ನೆಯು ಸರಕಾರದ ಕಡತವನ್ನು ಹೊಕ್ಕ ಒಂದು ಸ್ಮರಣೀಯ ಪ್ರಸಂಗವು ಧಾರವಾಡದ್ದು. ಸರ್ ಚಾರ್ಲ್ಸ್ ವುಡ್ಡನ 1854ರ ಶಿಕ್ಷಣ ನಿರೂಪವು ಹೊರಟು ಎರಡು ವರ್ಷಗಳಾಗುವಷ್ಟರಲ್ಲಿ, 1856ರ ಜೂನ್ ತಿಂಗಳಿನಲ್ಲಿ, ಅಲ್ಲಿಯ ಸರಕಾರಿ ಶಾಲೆಯಲ್ಲಿ ಪ್ರವೇಶವು ದೊರೆಯದ, ಅಸ್ಪೃಶ್ಯವೆಂದು ಬಗೆಯಲಾಗಿದ್ದ ಮಹಾರ ಜಾತಿಯ ಬಾಲಕನೊಬ್ಬನ ಅರ್ಜಿಯು ಮುಂಬಯಿ ಸರಕಾರದ ಮುಂದೆ ಬಂದಿತು. ನ್ಯಾಯವು ಆ ಬಾಲಕನ ಪಕ್ಷದಲ್ಲಿದೆಯೆಂಬುದನ್ನು ಸರಕಾರವು ಅಲ್ಲಗಳೆಯಲಿಲ್ಲ. ಒಬ್ಬನಿಗಾಗಿ ಬಾಗಿಲು ತೆರೆದರೆ ಶಾಲೆಯು ಉಳಿದವರಿಗೆ ನಿರುಪಯುಕ್ತವಾದೀತೆಂಬ ಭಯವನ್ನು ಮುಂದುಮಾಡಿ ಅರ್ಜಿಯನ್ನು ತಳ್ಳಿಹಾಕಿತು. ನ್ಯಾಯವನ್ನು ಒಪ್ಪಿಕೊಂಡೇ ಅದನ್ನು ಸಲ್ಲಿಸದಿರುವ ಈ ತರ್ಕವು ಎಳೆಯನೊಬ್ಬನ ಮೇಲೆ ಹೊರಿಸಿದ ಭಾರವನ್ನು ಕಡತದ ಸಭ್ಯಭಾಷೆಯು ಮರೆಮಾಡಲಾರದು. ಕಲಕತ್ತೆಯಲ್ಲಿದ್ದ ಭಾರತ ಸರಕಾರವು ಈ ನಿರ್ಣಯಕ್ಕೆ ಅಸಮ್ಮತಿಯನ್ನು ಸೂಚಿಸಿತು. ಲಂಡನ್ನಿನಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕ ಮಂಡಲಿಯೂ ಸರಕಾರಿ ವಿದ್ಯಾಸಂಸ್ಥೆಗಳು ಸರ್ವವರ್ಗಗಳಿಗೂ ಮುಕ್ತವೆಂದು ವಿಧಿಸಿತು. 1882ರ ಹಂಟರ್ ಆಯೋಗವು ಆ ತತ್ತ್ವವನ್ನು ಎತ್ತಿಹಿಡಿದರೂ, ಸಾಕಷ್ಟು ಮಕ್ಕಳಿರುವೆಡೆ ಅಸ್ಪೃಶ್ಯರಿಗೆ ಪ್ರತ್ಯೇಕ ಶಾಲೆಗಳನ್ನು ಶಿಫಾರಸು ಮಾಡಿತು. ಇಷ್ಟೆಲ್ಲ ನಡೆದ ಎಷ್ಟೋ ವರ್ಷಗಳ ಮೇಲೂ ಸಾತಾರೆಯ ಶಾಲೆಯಲ್ಲಿ ಬಾಲಕ ಭೀಮರಾವ್ ಅಂಬೇಡ್ಕರರು ಮನೆಯಿಂದ ಒಯ್ದ ಗೋಣಿಯ ಮೇಲೆ ಬೇರೆಯಾಗಿ ಕುಳಿತುಕೊಳ್ಳಬೇಕಿತ್ತು, ಜವಾನನು ನೀರು ಕೊಟ್ಟ ಹೊರತು ಬಾಯಾರಿಕೆಯನ್ನು ತಣಿಸಿಕೊಳ್ಳುವಂತಿರಲಿಲ್ಲ. ಹೊಸ್ತಿಲಲ್ಲಿದ್ದ ಗೆರೆಯು ಕೋಣೆಯೊಳಕ್ಕೆ ಸರಿದಿತ್ತು.

ಕಣ್ಣಿಗೆ ಕಾಣದ ಗೆರೆಗಳನ್ನು ಕುರಿತು ಫ್ರಾನ್ಸಿನ ಪಿಯೆರ್ ಬೂರ್ದಿಯೂ ಮತ್ತು ಝಾಂ ಕ್ಲೋದ್ ಪಾಸ್ಸೆರೋನರು 1964 ಹಾಗೂ 1970ರ ತಮ್ಮ ಗ್ರಂಥಗಳಲ್ಲಿ ವಿವೇಚಿಸಿದರು. ಸಂಪನ್ನ ಮನೆಯ ಮಗುವು ತೊಟ್ಟಿಲಿನಿಂದಲೇ ಪಡೆದ ನುಡಿ, ಅಭಿರುಚಿ, ನಡವಳಿಕೆಗಳೆಂಬ ಸಾಂಸ್ಕೃತಿಕ ಬಂಡವಾಳವನ್ನು ಶಾಲೆಯು ತಾನು ಕಲಿಸದೆಯೇ ನಿರೀಕ್ಷಿಸಿ, ಇದ್ದವರನ್ನು ಪ್ರತಿಭಾವಂತರೆಂದೂ ಇಲ್ಲದವರನ್ನು ಮಂದಮತಿಗಳೆಂದೂ ಗಣಿಸುತ್ತದೆಂಬುದು ಅವರ ವಾದ. ಕನ್ನಡಿಗರಿಗೆ ಇದು ಅಪರಿಚಿತವಲ್ಲ. ದಕ್ಷಿಣ ಕರ್ನಾಟಕದ ಅನೇಕ ಮನೆಗಳಲ್ಲಿ ಹಕಾರವು ಲೋಪವಾಗಿ ‘ಹಾಲು’ ಎಂಬುದು ‘ಆಲು’ ಆಗುವುದು ಆ ಆಡುನುಡಿಯ ಸಹಜ ಧರ್ಮ. ತರಗತಿಯಲ್ಲಿ ಅದೇ ದೋಷವೆನಿಸಿ ನಗೆಗೆ ಗುರಿಯಾದಾಗ, ತಾಯಿಯ ಮಾತನ್ನಾಡಿದ ಮಗುವು ಮೌನವನ್ನು ಕಲಿಯುತ್ತದೆ, ಆ ಮೌನವನ್ನು ಉಪಾಧ್ಯಾಯರು ದಡ್ಡತನವೆಂದು ಬಗೆಯುತ್ತಾರೆ.

ಡಿ. ಎಸ್. ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗವು 1966ರ ವರದಿಯಲ್ಲಿ, ಶುಲ್ಕ ತೆರಬಲ್ಲವರಿಗೊಂದು ಉಳಿದವರಿಗೊಂದು ಎಂಬಂತೆ ಶಾಲೆಗಳು ಒಡೆದುಹೋಗಿ ವರ್ಗಭೇದವು ಬೆಳೆಯುತ್ತಿರುವುದನ್ನು ಗುರುತಿಸಿ, ನೆರೆಹೊರೆಯ ಮಕ್ಕಳೆಲ್ಲರೂ ಒಟ್ಟಿಗೆ ಕಲಿಯುವ ಸಮಾನ ಶಾಲಾವ್ಯವಸ್ಥೆಯನ್ನು ಸೂಚಿಸಿತು. ಅದು ಕಾರ್ಯರೂಪಕ್ಕೆ ಬರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯು ಅನುದಾನರಹಿತ ಖಾಸಗಿ ಶಾಲೆಗಳ ಪ್ರಾರಂಭಿಕ ತರಗತಿಯಲ್ಲಿ ಕನಿಷ್ಠ ಶೇಕಡಾ 25ರಷ್ಟು ಸ್ಥಾನಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಮೀಸಲಿರಿಸಿತು. ಕರ್ನಾಟಕದಲ್ಲಿ 2019–20ನೆಯ ಶೈಕ್ಷಣಿಕ ವರ್ಷದಿಂದ, ನೆರೆಹೊರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆಯಿದ್ದಲ್ಲಿ ಖಾಸಗಿ ಶಾಲೆಗೆ ಈ ಹೊಣೆಯಿಲ್ಲವೆಂದು ನಿಯಮವು ತಿದ್ದುಪಡಿಯಾಯಿತು.