ದೂರಶಿಕ್ಷಣದ ಎಂ.ಬಿ.ಎ. (ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆ)

ನೌಕರಿ ಬಿಡದೆ, ಊರು ತೊರೆಯದೆ ಪಡೆಯಬಹುದಾದ ವ್ಯವಹಾರ ನಿರ್ವಹಣೆಯ ಸ್ನಾತಕೋತ್ತರ ಪದವಿ. ಬೆಳಗಾವಿ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಬ್ಯಾಂಕು, ಸಹಕಾರ ಸಂಘ, ಸಕ್ಕರೆ ಕಾರ್ಖಾನೆ, ಸರ್ಕಾರಿ ಕಚೇರಿಗಳಲ್ಲಿ ದುಡಿಯುವವರಿಗೆ ಹೊಂದುವ ದಾರಿ ಇದು.

ಹಿನ್ನೆಲೆ: ಈ ಸೀಮೆಯ ರಾಮದುರ್ಗ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು, ಉಳಿದ ಸೀಮೆ ಅದಕ್ಕೂ ಮುಂಚೆಯೇ ಆ ಪ್ರಾಂತದಲ್ಲಿತ್ತು. ಆ ಪ್ರಾಂತದ ಕನ್ನಡ ಭಾಗಕ್ಕೆಂದು 1949ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ವಿಶ್ವವಿದ್ಯಾಲಯ ಮರುವರ್ಷ ಧಾರವಾಡಕ್ಕೆ ಬಂದಿತು. 1982ರಲ್ಲಿ ಅದರ ಸ್ನಾತಕೋತ್ತರ ಕೇಂದ್ರ ಬೆಳಗಾವಿಯಲ್ಲಿ ತೆರೆಯಿತು. 2010ರಲ್ಲಿ ಅದೇ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಯಿತು. ವಿಶ್ವವಿದ್ಯಾಲಯ ಹತ್ತಿರ ಬಂದರೂ ಹಗಲಿನ ತರಗತಿ ನೌಕರರ ಕೈಗೆಟುಕಲಿಲ್ಲ.

ಬೆಳವಣಿಗೆ: ದೂರಶಿಕ್ಷಣದ ಮೊದಲ ರೂಪವಾದ ಅಂಚೆ ತೆರಪಿನ ಶಿಕ್ಷಣ 1962ರಲ್ಲಿ ದೆಹಲಿ ವಿಶ್ವವಿದ್ಯಾಲಯದಲ್ಲಿ, 1969ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮೊದಲಾಯಿತು. ಮೈಸೂರಿನ ಈ ಅಂಚೆ ಶಿಕ್ಷಣ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಗಿ ಬೆಳೆಯಿತು. 1985ರಲ್ಲಿ ಹುಟ್ಟಿದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ (ಇಗ್ನೋ) 1987ರಲ್ಲಿ ಆರಂಭಿಸಿದ ಮೊದಲ ಎರಡು ಡಿಪ್ಲೊಮಾಗಳಲ್ಲಿ ನಿರ್ವಹಣಾಶಾಸ್ತ್ರದ್ದೂ ಒಂದು. ಸ್ವಯಂ ಕಲಿಕೆಯ ಪುಸ್ತಕ, ಬರೆದೊಪ್ಪಿಸುವ ಅಸೈನ್‌ಮೆಂಟ್, ಸಂಪರ್ಕ ತರಗತಿ, ಪರೀಕ್ಷೆ ಇವು ದೂರಶಿಕ್ಷಣ ಪದ್ಧತಿಯ ನಾಲ್ಕು ಅಂಗಗಳು. ಇಗ್ನೋದ ಈಗಿನ ಎಂ.ಬಿ.ಎ.ಯನ್ನು ಕನಿಷ್ಠ 2, ಗರಿಷ್ಠ 4 ವರ್ಷಗಳಲ್ಲಿ ಮುಗಿಸಬಹುದು. ಹೀಗಾಗಿ ಸುಗ್ಗಿ, ವರ್ಗಾವಣೆ, ಬಾಣಂತನ ಅಡ್ಡ ಬಂದರೂ ಓದು ನಿಲ್ಲಬೇಕಿಲ್ಲ.

ಮಾನ್ಯತೆ: ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2012-13ರ ನಂತರ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಮಾನ್ಯತೆ ಮುಂದುವರಿಯಲಿಲ್ಲ, 2018ರಲ್ಲಿ ಮತ್ತೆ ದೊರೆಯಿತು. ನಡುವಿನ ವರ್ಷಗಳಲ್ಲಿ ವಿದ್ಯಾರ್ಥಿಗಳು ಪಟ್ಟ ಆತಂಕ, ಪ್ರವೇಶಕ್ಕೆ ಮುನ್ನ ಆಯಾ ವರ್ಷದ ಮಾನ್ಯತೆ ನೋಡಿಕೊಳ್ಳಬೇಕೆಂಬ ಪಾಠ ಕಲಿಸಿತು. 2020ರ ಯುಜಿಸಿ ನಿಯಮಾವಳಿ ದೂರಶಿಕ್ಷಣವನ್ನೂ ಆನ್‌ಲೈನ್ ಶಿಕ್ಷಣವನ್ನೂ ಒಂದೇ ಚೌಕಟ್ಟಿಗೆ ತಂದಿತು. ಮಾನ್ಯತೆ ಪಡೆದ ಇಂಥ ಪದವಿಗಳು ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನವೆಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿತು.

ಭಾಷೆ: ಎಂ.ಬಿ.ಎ. ಪಠ್ಯಗಳು ಬಹುತೇಕ ಇಂಗ್ಲಿಷಿನಲ್ಲೇ ಇವೆ. ಕನ್ನಡ ಮಾಧ್ಯಮದಲ್ಲಿ ಓದಿ, ಕನ್ನಡದಲ್ಲೇ ಸಂಘದ ಲೆಕ್ಕ ಬರೆಯುವ ಗುಮಾಸ್ತನಿಗೆ ಈಗ ಊರಿನ ದೂರಕ್ಕಿಂತ ಭಾಷೆಯ ದೂರವೇ ದೊಡ್ಡದು. ಹಣಕಾಸು, ಮಾರುಕಟ್ಟೆ, ಮಾನವ ಸಂಪನ್ಮೂಲ ವಿಷಯಗಳ ಗಟ್ಟಿ ಪಠ್ಯಗಳು ಕನ್ನಡದಲ್ಲಿ ಬರುವುದು ಈ ಶಿಕ್ಷಣದ ಮುಂದಿನ ಅಗತ್ಯ.