ಉದ್ರಿ ಲೆಕ್ಕ ಮತ್ತು ಒಂದು ಲೋಟ ನೀರು

ನಮ್ಮೂರು ಗೂಗಲ್. ರಾಯಚೂರು ಜಿಲ್ಲೆಯ ದೇವದುರ್ಗ ತಾಲೂಕಿನಲ್ಲಿ, ಕೃಷ್ಣಾ ನದಿಯ ದಂಡೆಯ ಮೇಲಿದೆ. ಹೆಸರು ಕೇಳಿದ ಕೂಡಲೇ ವಿಶ್ವವಿದ್ಯಾಲಯದ ಗೆಳೆಯರು, ‘ಹಂಗಾದ್ರ ನಿಮಗ ಎಲ್ಲಾ ಗೊತ್ತಿರಬೇಕು’ ಎಂದು ನಗುತ್ತಾರೆ. ಕಳೆದ ದಸರಾ ರಜೆಯಲ್ಲಿ ಊರಿಗೆ ಹೋದಾಗ, ನಮ್ಮ ಅಡುಗೆಮನೆಯ ಬಗ್ಗೆಯೇ ನನಗೆ ಗೊತ್ತಿಲ್ಲದ್ದು ಎಷ್ಟಿದೆ ಎಂಬುದು ತಿಳಿಯಿತು.

ನನ್ನ ಸಂಶೋಧನೆ ಆಹಾರ ಕಾನೂನುಗಳ ಚರಿತ್ರೆಗೆ ಸಂಬಂಧಿಸಿದ್ದು. ಹಾಗಾಗಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ‘ಡಾರ್ಟ್’ ಕೈಪಿಡಿ ನನ್ನ ಬಳಿಯಿತ್ತು. ಮನೆಯಲ್ಲೇ ಕಲಬೆರಕೆ ಪತ್ತೆಹಚ್ಚುವ ಸರಳ ಪರೀಕ್ಷೆಗಳು ಅದರಲ್ಲಿವೆ. ಒಂದು ಮಧ್ಯಾಹ್ನ ಅಜ್ಜಿ, ಅವ್ವ, ತಮ್ಮ, ನಾನು ಡಬ್ಬಿಗಳನ್ನೆಲ್ಲ ಮುಂದಿಟ್ಟುಕೊಂಡು ಕೂತೆವು.

ಮೊದಲು ಉಪ್ಪು. ಹೆಚ್ಚಿದ ಆಲೂಗಡ್ಡೆಯ ಮೇಲೆ ಉಪ್ಪು ಹಚ್ಚಿ, ಒಂದು ನಿಮಿಷ ಬಿಟ್ಟು, ಎರಡು ಹನಿ ನಿಂಬೆರಸ ಹಿಂಡಿದೆವು. ನೀಲಿ ಬಣ್ಣ ಮೂಡಿತು. ಅಯೋಡಿನ್ ಆಲೂಗಡ್ಡೆಯ ಪಿಷ್ಟದೊಂದಿಗೆ ಸೇರಿದಾಗ ಬರುವ ಬಣ್ಣ ಅದು. ‘ನೀಲಿ ಬಂತಂದ್ರ ಉಪ್ಪು ಚಲೋ ಅಂತೇನು?’ ಎಂದು ಅವ್ವ ಕೇಳಿದಳು. ಅಯೋಡಿನ್ ಇದೆ ಎಂದಷ್ಟೇ ಗೊತ್ತಾಗುತ್ತದೆ, ಎಷ್ಟಿದೆ ಎಂದು ಗೊತ್ತಾಗುವುದಿಲ್ಲ ಎಂದೆ. ಆಮೇಲೆ ಚಹಾಪುಡಿ. ಸೋಸುಕಾಗದದ ಮೇಲೆ ಹರಡಿ ನೀರು ಚಿಮುಕಿಸಿ ತೊಳೆದಾಗ ಕಲೆ ಉಳಿಯಲಿಲ್ಲ. ಬಳಸಿದ ಚಹಾ ಸೊಪ್ಪಿಗೆ ಬಣ್ಣ ಹಾಕಿ ಮಾರಿದ್ದರೆ ಕಾಗದದಲ್ಲಿ ಕಲೆ ನಿಲ್ಲುತ್ತಿತ್ತು.

ಕೊನೆಗೆ ಅಂಗಡಿಯಿಂದ ಬಿಡಿಯಾಗಿ ತಂದ ಖಾರದ ಪುಡಿ. ಒಂದು ಚಮಚ ಪುಡಿಯನ್ನು ಲೋಟದ ನೀರಿನ ಮೇಲೆ ಉದುರಿಸಿದ ತಕ್ಷಣ ಕೆಂಪು ಗೆರೆಗಳು ಕೆಳಗಿಳಿದವು. ಹಾಗೆ ಇಳಿದರೆ ಕೃತಕ ಬಣ್ಣ ಎನ್ನುತ್ತದೆ ಕೈಪಿಡಿ. ತಳದಲ್ಲಿ ಕೂತದ್ದನ್ನು ತಮ್ಮ ಬೆರಳಲ್ಲಿ ಉಜ್ಜಿ ನೋಡಿದ, ಕರಕರ ಅಂದಿತು. ಇಟ್ಟಿಗೆ ಪುಡಿ ಅಥವಾ ಮರಳು ಇರಬೇಕು.

ಅಜ್ಜಿಗೆ ಆಶ್ಚರ್ಯವೇ ಆಗಲಿಲ್ಲ. ‘ಅದು ನನಗ ಮೊದಲ ಗೊತ್ತಿತ್ತು’ ಎಂದಳು.

‘ಗೊತ್ತಿದ್ರ ಯಾಕ ಸುಮ್ಮನಿದ್ದಿ ಅಜ್ಜಿ?’

‘ಅಂಗಡ್ಯಾಗ ನಮ್ಮ ಉದ್ರಿ ಐತಿ. ಬಾಕಿ ಇದ್ದವರು ಖಾರ ಚಲೋ ಇಲ್ಲ ಅಂತ ಹೆಂಗ ಅಂತಾರ ಯಪ್ಪಾ?’

ವರ್ಷಗಟ್ಟಲೆ ಓದಿದ ಕಾನೂನು ನನಗೆ ಅರ್ಥವಾದದ್ದು ಆ ಮಾತಿನಿಂದ.

ಮನೆಯ ಪರೀಕ್ಷೆಗೆ ದೊಡ್ಡ ಚರಿತ್ರೆಯೇ ಇದೆ. 1820ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ಫ್ರೆಡ್ರಿಕ್ ಆಕ್ಕುಮ್ ಆಹಾರದ ಕಲಬೆರಕೆ ಕುರಿತು ಪುಸ್ತಕ ಬರೆದು, ಅದನ್ನು ಪತ್ತೆಹಚ್ಚುವ ವಿಧಾನಗಳನ್ನೂ ಕೊಟ್ಟ. 1850ರ ದಶಕದಲ್ಲಿ ವೈದ್ಯ ಆರ್ಥರ್ ಹಿಲ್ ಹಸ್ಸಾಲ್ ಅಂಗಡಿಗಳಿಂದ ಕೊಂಡ ಪದಾರ್ಥಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ. ‘ಲ್ಯಾನ್ಸೆಟ್’ ಪತ್ರಿಕೆ ಆ ಫಲಿತಾಂಶಗಳನ್ನು ಮಾರಿದವರ ಹೆಸರು, ವಿಳಾಸಗಳ ಸಮೇತ ಪ್ರಕಟಿಸಿತು. ಬ್ರಿಟನ್ನಿನಲ್ಲಿ 1860ರ ಕಾನೂನು ಬಂದದ್ದು ಇದರ ನಂತರ.

ನಮ್ಮಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಆಹಾರ ಕಲಬೆರಕೆ ತಡೆ ಕಾಯ್ದೆ ಬಂದದ್ದು 1954ರಲ್ಲಿ. ಜಾರಿಯಾದದ್ದು 1955ರ ಜೂನ್ 1ರಂದು. ಆಗ ರಾಯಚೂರು ಇನ್ನೂ ಹೈದರಾಬಾದ್ ರಾಜ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಆ ಕಾಯ್ದೆಯ 12ನೇ ಕಲಮು ಸಾಮಾನ್ಯ ಗಿರಾಕಿಗೂ ಒಂದು ಹಕ್ಕು ಕೊಟ್ಟಿತ್ತು. ಶುಲ್ಕ ಕಟ್ಟಿ ತಾನು ಕೊಂಡ ಪದಾರ್ಥವನ್ನು ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಕಲಬೆರಕೆ ಎಂದು ಸಾಬೀತಾದರೆ ಶುಲ್ಕ ವಾಪಸು. ಆದರೆ ಒಂದು ಷರತ್ತಿತ್ತು. ಕೊಳ್ಳುವಾಗಲೇ, ‘ಇದನ್ನು ಪರೀಕ್ಷೆ ಮಾಡಿಸುತ್ತೇನೆ’ ಎಂದು ಅಂಗಡಿಯವನಿಗೆ ಹೇಳಬೇಕು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೇ ಕಲಮಿನಲ್ಲೂ ಅದೇ ಹಕ್ಕು, ಅದೇ ಷರತ್ತು ಮುಂದುವರಿದಿವೆ.

ಷರತ್ತಿನಲ್ಲಿ ನ್ಯಾಯವಿಲ್ಲದಿಲ್ಲ. ಮನೆಗೆ ಒಯ್ದು ತಾವೇ ಏನೋ ಬೆರೆಸಿ ಅಂಗಡಿಯವನ ಮೇಲೆ ಗೂಬೆ ಕೂರಿಸುವವರೂ ಇರಬಹುದಲ್ಲ. ಆದರೆ ಕಾನೂನು ಕಣ್ಣ ಮುಂದಿಟ್ಟುಕೊಂಡಿದ್ದು ರೊಕ್ಕ ಎಣಿಸಿಕೊಟ್ಟು, ಬೇಡವಾದರೆ ಪಕ್ಕದ ಅಂಗಡಿಗೆ ಹೋಗಬಲ್ಲ ಗಿರಾಕಿಯನ್ನು. ನಮ್ಮ ಮನೆಯ ಲೆಕ್ಕ ತೀರುವುದು ಹತ್ತಿ ಮಾರಿದ ಮೇಲೆ. ಅಲ್ಲಿಯವರೆಗೆ ಅವ್ವ ಅಂಗಡಿಯ ಮುಂದೆ ನಿಂತು ಹಾಗೆ ಹೇಳುವುದುಂಟೇ? 1986ರ ತಿದ್ದುಪಡಿ ಮಾನ್ಯತೆ ಪಡೆದ ಗ್ರಾಹಕ ಸಂಘಗಳಿಗೂ ಈ ಹಕ್ಕು ಕೊಟ್ಟಿತು. ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದದ್ದೂ ಅದೇ ವರ್ಷ. ಒಬ್ಬಂಟಿ ಕೇಳಲಾಗದ್ದನ್ನು ಸಂಘ ಕೇಳಬಹುದೆಂಬ ದಾರಿ ಅದು. ನಮ್ಮೂರಲ್ಲಿ ಅಂಥ ಸಂಘವನ್ನು ನಾನು ಕಂಡಿಲ್ಲ.

ಗೊತ್ತಿದ್ದೂ ತಿನ್ನಬೇಕಾದ ಸ್ಥಿತಿಯ ಇನ್ನೂ ಕಠೋರ ಉದಾಹರಣೆ ಕೇಸರಿ ಬೇಳೆಯದು. ಮಧ್ಯಪ್ರದೇಶದ ರೀವಾ ಕಡೆ ಜೀತದಾಳುಗಳಿಗೆ ಅದನ್ನೇ ಕೂಲಿಯಾಗಿ ಕೊಡುತ್ತಿದ್ದರು. ತಿಂಗಳುಗಟ್ಟಲೆ ಅದನ್ನೇ ತಿಂದರೆ ಕಾಲಿನ ಶಕ್ತಿ ಉಡುಗುತ್ತದೆ. 1961ರಲ್ಲಿ ಅದರ ಮಾರಾಟ ನಿಷೇಧವಾಯಿತು. ಆದರೆ ಕೂಲಿಯಾಗಿ ಬಂದ ಕಾಳು ಮಾರುಕಟ್ಟೆಯ ಸರಕಲ್ಲ. ಅದನ್ನು ಬೇಡವೆನ್ನುವ ಶಕ್ತಿ ಆಳಿಗಿರಲಿಲ್ಲ.

ಅಜ್ಜಿಯ ಕಾಲದಲ್ಲಿ ಪರೀಕ್ಷೆ ಇರಲಿಲ್ಲವೆಂದಲ್ಲ. ಜೋಳ, ತೊಗರಿ, ಮೆಣಸಿನಕಾಯಿ ಎಲ್ಲ ಇಡಿಯಾಗಿಯೇ ಮನೆಗೆ ಬರುತ್ತಿದ್ದವು. ಮರದಲ್ಲಿ ಕೇರಿ, ಕಲ್ಲು ಆರಿಸಿ, ಮೂಸಿ, ಹಲ್ಲಿಗೆ ಹಾಕಿ ನೋಡಿ ಒಳಗೆ ಬಿಟ್ಟುಕೊಳ್ಳುತ್ತಿದ್ದರು. ಮೆಣಸಿನಕಾಯಿ ಕಣ್ಣಿಗೆ ಸಿಗುತ್ತದೆ, ಪುಡಿ ಸಿಗುವುದಿಲ್ಲ. ಪುಡಿಯಾಗಿ ಕೊಳ್ಳತೊಡಗಿದ ಮೇಲೆ ಅಜ್ಜಿಯ ಕಣ್ಣಿನ ಕೆಲಸ ಬೇರೆಯವರ ಕೈಗೆ ಹೋಯಿತು. ಅವರು ನೋಡಿದ್ದಾರೆ ಎಂಬುದಕ್ಕೆ ಗುರುತಾಗಿ ಮುದ್ರೆಗಳು ಬಂದವು. ಅಗ್‌ಮಾರ್ಕ್‌ಗೆ ಆಧಾರವಾದ ಕಾಯ್ದೆ 1937ರದು. ಬಿಡಿ ಪುಡಿಯ ಪೊಟ್ಟಣದ ಮೇಲೆ ಮಾತ್ರ ಮುದ್ರೆಯೂ ಇಲ್ಲ, ಹೆಸರೂ ಇಲ್ಲ.

ಹಾಗಂತ ಲೋಟದ ನೀರು ಎಲ್ಲವನ್ನೂ ಹೇಳುವುದಿಲ್ಲ. ಕೀಟನಾಶಕದ ಅಂಶವಾಗಲಿ ಸೀಸವಾಗಲಿ ಅದರಲ್ಲಿ ಕಾಣದು. ಅದಕ್ಕೆ ಪ್ರಯೋಗಾಲಯವೇ ಬೇಕು. ಇಂಥ ಪರೀಕ್ಷೆಯಿಂದ ಅನುಮಾನಕ್ಕೊಂದು ಆಧಾರ ಸಿಗುತ್ತದೆ, ಅಷ್ಟೇ. ಆ ಅನುಮಾನವನ್ನು ಬಾಯಿಬಿಟ್ಟು ಹೇಳಲು ಬೇಕಾದದ್ದು ಬೇರೆ.

ಸಂಕ್ರಾಂತಿಯ ಹೊತ್ತಿಗೆ ತಮ್ಮ ಫೋನ್ ಮಾಡಿದ. ಹತ್ತಿ ಮಾರಿ ಅಪ್ಪ ಉದ್ರಿ ತೀರಿಸಿದನಂತೆ. ಮರುದಿನ ಅವ್ವ ಅದೇ ಅಂಗಡಿಗೆ ಹೋಗಿ ಅರ್ಧ ಪಾವು ಖಾರದ ಪುಡಿ ಕೇಳಿ, ಜೊತೆಗೆ ಒಂದು ಲೋಟ ನೀರೂ ಕೇಳಿದಳಂತೆ. ಬಾಯಾರಿಕೆಯೆಂದುಕೊಂಡು ಅಂಗಡಿಯವರು ಕೊಟ್ಟರು. ಅವ್ವ ಪುಡಿಯನ್ನು ನೀರಿಗೆ ಉದುರಿಸಿ, ಲೋಟವನ್ನು ತಕ್ಕಡಿಯ ಪಕ್ಕ ಇಟ್ಟು ಸುಮ್ಮನೆ ನಿಂತಳು. ಬಂದು ನಿಂತಿದ್ದ ಬೇರೆ ಹೆಂಗಸರೂ ಬಗ್ಗಿ ನೋಡಿದರು.