ಮೈತುಂಬ ಬಟ್ಟೆಗೆ ಎಷ್ಟು ಬೆಲೆ? ಚಾಂಪಿಯನ್ ರೀಫ್ಸ್ ಹೆಂಗಸರ ಉಡುಗೆಯ ಕಥೆ

ಮಾರಿಕುಪ್ಪಂನಿಂದ ಬೆಳಗಿನ ಜಾವ ಹೊರಡುವ ರೈಲು ಚಾಂಪಿಯನ್ ನಿಲ್ದಾಣಕ್ಕೆ ಬರುವಾಗ ಇನ್ನೂ ಕತ್ತಲು. ಊಟದ ಡಬ್ಬಿ, ನೀರಿನ ಬಾಟಲಿ, ಬಾಚಲು ಟೈಮಿಲ್ಲದ ಕೂದಲು. ಹತ್ತುವವರಲ್ಲಿ ಹೆಚ್ಚಿನವರದು ಚೂಡಿದಾರ್. ವೇಲ್ ಜಾರದ ಹಾಗೆ ಎರಡೂ ಹೆಗಲಿಗೆ ಪಿನ್ನು. ನಾನೂ ಸುದ್ದಿ ಕೆಲಸಕ್ಕೆ ಆಗಾಗ ಇದೇ ರೈಲು ಹತ್ತುತ್ತೇನೆ.

ಒಂದು ದಿನ ನಮ್ಮ ಲೈನಿನ ಹುಡುಗಿಯೊಬ್ಬಳು ಪಕ್ಕದಲ್ಲಿ ಕೂತು ಹೇಳಿದಳು. "ಅಕ್ಕಾ, ಕೆಲಸ ಸಿಕ್ಕಿದೆ. ಆದ್ರೆ ಹಾಕ್ಕೊಂಡು ಹೋಗೋಕೆ ನೆಟ್ಟಗಿರೋದು ಎರಡೇ ಡ್ರೆಸ್ಸು. ಮೈ ಕಾಣದ ಹಾಗಿರೋದು ತಗೊಳ್ಳೋಣ ಅಂದ್ರೆ ರೇಟು ಜಾಸ್ತಿ. ಕಮ್ಮಿ ರೇಟಿಂದು ಒಂದು ಸಲ ಒಗೆದ್ರೆ ಜಾಳು ಜಾಳು."

ಅವಳ ಮಾತು ತಲೆಯಲ್ಲಿ ಉಳಿಯಿತು. ಕಡಿಮೆ ದುಡ್ಡಲ್ಲಿ ಮರ್ಯಾದೆಯ ಬಟ್ಟೆ ಹುಡುಕುವುದು ಇವಳೊಬ್ಬಳ ಕಷ್ಟವಲ್ಲ. ಈ ಊರಿನ ಹೆಂಗಸರು ನೂರಿಪ್ಪತ್ತು ವರ್ಷಕ್ಕೂ ಮೇಲಿಂದ ಇದೇ ಲೆಕ್ಕ ಹಾಕುತ್ತಾ ಬಂದಿದ್ದಾರೆ. ಗಣಿಯ ಚರಿತ್ರೆ ಬರೆಯುವವರು ಚಿನ್ನ ಎಷ್ಟು ಟನ್ ಸಿಕ್ಕಿತು, ಶಾಫ್ಟು ಎಷ್ಟು ಆಳ ಹೋಯಿತು ಅಂತ ಬರೆಯುತ್ತಾರೆ. ಬಟ್ಟೆಯ ಲೆಕ್ಕ ಬರೆದವರು ಕಡಿಮೆ. ಅದಕ್ಕೇ ಈ ಬರಹ.

ರವಿಕೆ ಸುಮ್ಮನೆ ಬಂದದ್ದಲ್ಲ

1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಕಾಲಿಟ್ಟ ಮೇಲೆ ಗಣಿ ಬೆಳೆಯಿತು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇವತ್ತಿನ ಬಂಗಾರಪೇಟೆಯಿಂದ, ಮಾರಿಕುಪ್ಪಂಗೆ ರೈಲು ಬಂತು. 1902ರಲ್ಲಿ ಶಿವನಸಮುದ್ರದ ಕರೆಂಟು ಬಂತು. ಜೊತೆಗೆ ಜನ ಬಂದರು. ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ ಸಾವಿರಾರು ಕುಟುಂಬಗಳು. ಅವರಲ್ಲಿ ದೊಡ್ಡ ಪಾಲು ದಲಿತರು. ಊರಲ್ಲಿ ಜಮೀನಿಲ್ಲ, ಜಮೀನ್ದಾರನ ಕಾಟ, ಮಳೆಯಿಲ್ಲ. ಇಲ್ಲಿ ಕೆಲಸ ಪ್ರಾಣಕ್ಕೆ ಅಪಾಯ, ಆದರೆ ಕೂಲಿ ದುಡ್ಡಿನ ರೂಪದಲ್ಲಿ ಕೈಗೆ ಬರುತ್ತಿತ್ತು.

ಆ ದುಡ್ಡಿಗೆ ಬಟ್ಟೆಯ ಮಟ್ಟಿಗೆ ದೊಡ್ಡ ಅರ್ಥ ಇತ್ತು. ಯಾಕೆ ಅಂತ ತಿಳಿಯಬೇಕಾದರೆ ಆ ಕಾಲದ ಹಳ್ಳಿಗಳನ್ನು ನೋಡಬೇಕು. ತಿರುವಾಂಕೂರಿನಲ್ಲಿ ಚಾನ್ನಾರ್ ಹೆಂಗಸರು ಎದೆ ಮುಚ್ಚಿಕೊಳ್ಳುವ ಹಕ್ಕಿಗೆ ದಶಕಗಳ ಕಾಲ ಹೋರಾಡಿ, 1859ರಲ್ಲಿ ರಾಜನ ಆಜ್ಞೆ ಪಡೆದರು. ಅದು ಹಳೇ ಕಾಲದ ಮಾತು ಅಂದುಕೊಳ್ಳಬೇಡಿ. 1930ರಲ್ಲಿ, ತಮಿಳುನಾಡಿನ ರಾಮನಾಥಪುರದ ಕಡೆ ಬಲಿಷ್ಠ ಜಾತಿಯೊಂದರ ಜನ ದಲಿತರ ಮೇಲೆ ಎಂಟು ಕಟ್ಟುಪಾಡು ಹಾಕಿದರು. ಅದರಲ್ಲಿ ಒಂದು, ಅವರ ಹೆಂಗಸರು ರವಿಕೆ, ದಾವಣಿ ಹಾಕಿ ಮೇಲ್ಮೈ ಮುಚ್ಚಬಾರದು ಅನ್ನುವುದು. ಚಿನ್ನದ ಒಡವೆ ಹಾಕಬಾರದು ಅನ್ನುವುದೂ ಆ ಪಟ್ಟಿಯಲ್ಲೇ ಇತ್ತು.

ಈಗ ಯೋಚನೆ ಮಾಡಿ. ಮೈ ಮುಚ್ಚಿಕೊಳ್ಳೋದು ಹೆಣ್ಣಿನ ಮರ್ಯಾದೆ ಅಂತ ಪಾಠ ಹೇಳುವ ಸಮಾಜವೇ ಬಡ ಹೆಣ್ಣು ಮೈ ಮುಚ್ಚಿಕೊಂಡರೆ ಹೊಡೆಯಲು ಬರುತ್ತಿತ್ತು. ಅಂಥ ಕಾಲದಲ್ಲಿ ಗಂಡ ಗಣಿಗೆ ಇಳಿದು ತಂದ ಕೂಲಿಯಲ್ಲಿ ಒಂದು ಗಜ ಬಟ್ಟೆ ಕೊಂಡು ರವಿಕೆ ಹೊಲಿಸಿದ ಹೆಂಗಸಿಗೆ ಅದು ಬರೀ ಬಟ್ಟೆಯಾಗಿರಲಿಲ್ಲ. ಗಣಿಯಲ್ಲೂ ಜಾತಿ ಇತ್ತು, ಬಿಳಿಯ ದೊರೆಗಳ ದರ್ಪ ಇತ್ತು. ಆದರೆ ರವಿಕೆ ಕಿತ್ತು ಹಾಕು ಅನ್ನಲು ಲೈನಿನ ಬಾಗಿಲಲ್ಲಿ ಊರಗೌಡ ನಿಂತಿರಲಿಲ್ಲ.

ಸ್ವಾಭಿಮಾನದ ಮಾತೂ ಇಲ್ಲಿ ಬೇಗ ಬೇರು ಬಿಟ್ಟಿತು. ಅಯೋತಿದಾಸ ಪಂಡಿತರ ಬೌದ್ಧ ಸಂಘದ ಶಾಖೆ 20ನೇ ಶತಮಾನದ ಶುರುವಿನಲ್ಲೇ ಮಾರಿಕುಪ್ಪಂನಲ್ಲಿ ಇತ್ತು. 1954ರಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಅವರೇ ಕೆಜಿಎಫ್‌ಗೆ ಬಂದು ಹೋದರು. ಅದಕ್ಕೂ ಎಷ್ಟೋ ಮೊದಲು, 1927ರ ಡಿಸೆಂಬರ್‌ನಲ್ಲಿ ಮಹಾಡ್‌ನಲ್ಲಿ ಹೆಂಗಸರ ಜೊತೆ ಮಾತಾಡುವಾಗ ಅವರು ಬಟ್ಟೆಯ ವಿಷಯವನ್ನೇ ಎತ್ತಿದ್ದರು. ಜಾತಿ ಗುರುತು ಹೇಳುವ ಹಾಗೆ ಸೀರೆ ಮೇಲೆತ್ತಿ ಉಡುವುದನ್ನು ಬಿಡಿ, ಭಾರದ ಕಡಗ, ಸರ ಬಿಡಿ, ತೇಪೆ ಇದ್ದರೂ ಚಿಂತೆಯಿಲ್ಲ, ಬಟ್ಟೆ ಶುಭ್ರವಾಗಿರಲಿ ಎಂಬುದು ಅವರ ಮಾತಿನ ಸಾರ. ಬಡವರ ಕೈಗೆ ಎಟುಕುವ ಮರ್ಯಾದೆ ಅದು. ಅದಕ್ಕೆ ರೇಷ್ಮೆ ಬೇಕಿಲ್ಲ. ಸೋಪು, ನೀರು, ಸೂಜಿ, ದಾರ ಸಾಕು.

ಹತ್ತಡಿ ಮನೆ, ಬೀದಿ ನಲ್ಲಿ

ಸೋಪು, ನೀರು ಅಂದೆ. ಅದೂ ಸುಲಭವಿರಲಿಲ್ಲ. ಮೊದಲು ಬಿದಿರು ತಟ್ಟಿಯ ಗುಡಿಸಲು, ಆಮೇಲೆ ಸಾಲು ಸಾಲು ಲೈನ್ ಮನೆ. ಒಂದೇ ಕೋಣೆಯಲ್ಲಿ ಗಂಡ, ಹೆಂಡತಿ, ಮಕ್ಕಳು, ಅತ್ತೆ. ನೀರಿಗೆ ಬೀದಿ ನಲ್ಲಿ, ಕಕ್ಕಸಿಗೆ ಎಲ್ಲರಿಗೂ ಸೇರಿ ಒಂದು ಸಾಲು. ಬಟ್ಟೆ ಬದಲಾಯಿಸಲೂ ಮರೆ ಇಲ್ಲದ ಮನೆಗಳಲ್ಲಿ ಹೆಂಗಸರಿಗೆ ಮರೆ ಕೊಡುತ್ತಿದ್ದದ್ದು ಮೈಮೇಲಿನ ಸೀರೆಯೇ.

ಬೇಸಿಗೆ ಗಾಳಿ ಬಿಟ್ಟರೆ ಸೈನೈಡ್ ದಿಬ್ಬದ ಬಿಳಿ ಧೂಳು ಏಳುತ್ತದೆ. ಒಣ ಹಾಕಿದ ಬಟ್ಟೆಯ ಮೇಲೆಲ್ಲ ಅದೇ ಪುಡಿ. ನಮ್ಮ ಲೈನಿನ ಒಬ್ಬರು ಪಾಟಿ ಹೇಳುತ್ತಿದ್ದರು: "ತೆಳು ಬಣ್ಣ ನಮಗೆ ಆಗದು ಕಣಮ್ಮ. ಗಾಢ ಬಣ್ಣ, ಸಣ್ಣ ಹೂವು. ಕೊಳೆಯೂ ಕಾಣಲ್ಲ, ತೇಪೆಯೂ ಕಾಣಲ್ಲ."

ಪಾಟಿಯ ಲೆಕ್ಕದಲ್ಲಿ ಒಂದು ಸೀರೆಗೆ ಆರು ಜನ್ಮ. ಮೊದಲು ಹಬ್ಬಕ್ಕೆ. ಆಮೇಲೆ ದಿನಕ್ಕೆ. ನಡು ಭಾಗ ಸವೆದರೆ ಗಟ್ಟಿ ಉಳಿದ ಸೆರಗು, ಅಂಚಿನಲ್ಲಿ ಮಗಳಿಗೆ ಲಂಗ. ಲಂಗ ಹೊಲಿಯುವಾಗ ಕೆಳಗೆ ಎರಡು ಮೂರು ಮಡಿಕೆ ಒಳಗೆ ಹಾಕಿ, ಹುಡುಗಿ ಬೆಳೆದ ಹಾಗೆ ವರ್ಷಕ್ಕೊಂದು ಮಡಿಕೆ ಬಿಚ್ಚುವುದು. ಬಿಚ್ಚಿದ ಕಡೆ ಬಣ್ಣ ಮಾಸದ ಪಟ್ಟಿ ಕಾಣುತ್ತಿತ್ತು. ಆ ಪಟ್ಟಿ ಎಣಿಸಿದರೆ ಹುಡುಗಿ ಎಷ್ಟನೇ ಕ್ಲಾಸು ಅಂತ ಹೇಳಬಹುದಿತ್ತು. ಅದೂ ಆದ ಮೇಲೆ ತೊಟ್ಟಿಲು, ಕೌದಿ, ಕೊನೆಗೆ ಒರೆಸುವ ಬಟ್ಟೆ. ಹಳೇ ಸೀರೆ ಕೊಟ್ಟು ಸ್ಟೀಲ್ ಪಾತ್ರೆ ತಗೊಳ್ಳುವ ವ್ಯಾಪಾರ ಇದ್ದರೂ ಪಾಟಿ ಯಾವತ್ತೂ ಕೊಟ್ಟವರಲ್ಲ.

ಸರ್ಕಾರದ ಸೀರೆ

ಬಟ್ಟೆ ಕೊಳ್ಳುವುದು ಸಂಬಳದ ದಿನ ನೋಡಿಕೊಂಡು. ರಾಬರ್ಟ್‌ಸನ್‌ಪೇಟೆಯ ಅಂಗಡಿ, ಇಲ್ಲವೇ ಗಂಟು ಹೊತ್ತು ಮನೆ ಬಾಗಿಲಿಗೆ ಬರುವ ಕಂತಿನ ವ್ಯಾಪಾರಿ. ಕಂತಿನಲ್ಲಿ ಬೆಲೆ ಜಾಸ್ತಿ ಅಂತ ಎಲ್ಲರಿಗೂ ಗೊತ್ತು. ಆದರೂ ಕೈಯಲ್ಲಿ ಇಡೀ ದುಡ್ಡು ಒಮ್ಮೆಗೇ ಇಲ್ಲದವರಿಗೆ ಬೇರೆ ದಾರಿ ಎಲ್ಲಿ?

ಎರಡನೇ ಮಹಾಯುದ್ಧದಲ್ಲಿ ಬಟ್ಟೆಗೆ ಬರ ಬಂತು. ಮಿಲ್ಲುಗಳ ಬಟ್ಟೆ ಸೈನ್ಯಕ್ಕೆ ಹೋಯಿತು, ಬೆಲೆ ಗಗನಕ್ಕೆ ಏರಿತು. 1943ರಲ್ಲಿ ಬ್ರಿಟಿಷ್ ಸರ್ಕಾರ ಬಟ್ಟೆ ನಿಯಂತ್ರಣ ಆಜ್ಞೆ ತಂದು, ಬಟ್ಟೆಯ ಮೇಲೇ ಬೆಲೆ ಮುದ್ರೆ ಒತ್ತುವ ಪದ್ಧತಿ ಬಂತು. ಸ್ವಾತಂತ್ರ್ಯದ ನಂತರವೂ ಬಡವರ ಬಟ್ಟೆ ಸರ್ಕಾರದ ಚಿಂತೆಯಾಗಿಯೇ ಉಳಿಯಿತು. 1964ರಿಂದ ಮಿಲ್ಲುಗಳು ಧೋತರ, ಸೀರೆ, ಲಾಂಗ್‌ಕ್ಲಾತ್‌ನಂಥ ಒರಟು ಬಟ್ಟೆಯನ್ನು ಕಟ್ಟಿದ ಬೆಲೆಗೆ ಕೊಡಬೇಕಿತ್ತು. ಅದೇ ಕಂಟ್ರೋಲ್ ಬಟ್ಟೆ. 1976ರಲ್ಲಿ ಕೈಮಗ್ಗದ ಜನತಾ ಬಟ್ಟೆ ಬಂತು. ನೇಕಾರನಿಗೂ ಕೆಲಸ, ಬಡವನಿಗೂ ಬಟ್ಟೆ ಅನ್ನುವ ಯೋಜನೆ. ನಮ್ಮ ರಾಜ್ಯದ ಕೈಮಗ್ಗ ಅಭಿವೃದ್ಧಿ ನಿಗಮ ಶುರುವಾದದ್ದೂ ಅದರ ಹಿಂದಿನ ವರ್ಷ, 1975ರಲ್ಲಿ.

ಜನತಾ ಸೀರೆ ಗಟ್ಟಿ ಇತ್ತು, ದಪ್ಪ ಇತ್ತು, ಮೈ ಕಾಣುತ್ತಿರಲಿಲ್ಲ. ಆದರೂ ಉಟ್ಟವರಿಗೆ ಒಂದು ಸಂಕೋಚ. ನೋಡಿದ ಕೂಡಲೇ ಇದು ಸರ್ಕಾರದ ಸೀರೆ ಅಂತ ಗೊತ್ತಾಗುತ್ತಿತ್ತಂತೆ. ಮೈ ಮುಚ್ಚಿತು, ಬಡತನ ಮುಚ್ಚಲಿಲ್ಲ. ಅಗ್ಗದ ಬಟ್ಟೆ ಕೊಡುವವರು ಇದನ್ನು ಮರೆಯುತ್ತಾರೆ. ಬಡವರಿಗೂ ಬಣ್ಣ ಆರಿಸುವ ಆಸೆ ಇರುತ್ತದೆ.

ಆ ಆಸೆಯನ್ನು ಹಿಡಿದದ್ದು ಪಾಲಿಯೆಸ್ಟರ್. 1985ರ ಜವಳಿ ನೀತಿಯ ನಂತರ ಸಿಂಥೆಟಿಕ್ ಬಟ್ಟೆಗೆ ದಾರಿ ಸಲೀಸಾಯಿತು. ಸೂರತ್ತಿನ ಪವರ್‌ಲೂಮ್ ಸೀರೆಗಳು ಸಣ್ಣ ಊರಿನ ಅಂಗಡಿಗೂ ಬಂದವು. ಬೇಗ ಒಣಗುತ್ತದೆ, ಇಸ್ತ್ರಿ ಬೇಡ, ಬಣ್ಣ ಮಾಸದು. ನೀರಿಗೆ ಪರದಾಡುವ ಊರಿಗೆ ಇದಕ್ಕಿಂತ ಏನು ಬೇಕು? ಬೇಸಿಗೆಯಲ್ಲಿ ಸೆಕೆ, ಒಲೆ ಮುಂದೆ ಕಿಡಿ ತಾಗಿದರೆ ಮೈಗೇ ಅಂಟುವ ಅಪಾಯ. ಅದು ಅದರ ಇನ್ನೊಂದು ಬೆಲೆ.

ನೈಟಿ, ಟವೆಲ್, ಚೂಡಿದಾರ್

ನಮ್ಮ ಲೈನುಗಳಲ್ಲಿ ಹೆಂಗಸರ ಉಡುಗೆಯನ್ನು ಹೆಚ್ಚು ಬದಲಾಯಿಸಿದ್ದು ನೈಟಿ ಅಂತ ನನ್ನ ಅನಿಸಿಕೆ. ಹೆಸರಿಗೆ ರಾತ್ರಿ ಬಟ್ಟೆ, ಹಾಕುವುದು ಹಗಲೆಲ್ಲ. ಕತ್ತಿನಿಂದ ಕಾಲಿನ ತನಕ ಒಂದೇ ಬಟ್ಟೆ. ಸೀರೆ, ರವಿಕೆ, ಲಂಗ ಮೂರರ ಖರ್ಚು ಒಂದರಲ್ಲಿ. ನಲ್ಲಿಗೆ, ಅಂಗಡಿಗೆ, ರೇಷನ್ನಿಗೆ ಹೋಗುವಾಗ ಹೆಗಲ ಮೇಲೊಂದು ಟವೆಲ್. ನೋಡಿ ನಗುವವರಿದ್ದಾರೆ. ಆದರೆ ಆ ಟವೆಲ್ ಸೆರಗಿನ ಜಾಗದಲ್ಲಿ ಬಂದದ್ದು. ಮನೆ ಬಟ್ಟೆಯನ್ನು ಬೀದಿ ಬಟ್ಟೆ ಮಾಡಲು ನಮ್ಮ ಹೆಂಗಸರು ಖರ್ಚಿಲ್ಲದೆ ಕಂಡುಕೊಂಡ ಉಪಾಯ ಅದು.

ಚೂಡಿದಾರ್ ಕಥೆ ಬೇರೆ. ಮೊದಮೊದಲು ಅದು ಕಾಲೇಜು ಹುಡುಗಿಯರ ಫ್ಯಾಷನ್. "ಮದುವೆಯಾದವಳಿಗೆ ಅದೆಲ್ಲ ಯಾಕೆ" ಅನ್ನುತ್ತಿದ್ದರು. ಆಮೇಲೆ ಬಂತು 2001ರ ಫೆಬ್ರವರಿ 28. ಭಾರತ್ ಗೋಲ್ಡ್ ಮೈನ್ಸ್‌ಗೆ ಬೀಗ ಬಿತ್ತು. 800 ಟನ್ನಿಗೂ ಹೆಚ್ಚು ಚಿನ್ನ ಕೊಟ್ಟ ಗಣಿ ಮುಚ್ಚಿ, ಮೂರು ಸಾವಿರಕ್ಕೂ ಮೇಲೆ ಕೆಲಸಗಾರರು ಮನೆಯಲ್ಲಿ ಕೂತರು.

ಗಂಡಸರು ಕೂತಾಗ ಹೆಂಗಸರು ಎದ್ದರು. ಬೆಂಗಳೂರಿನ ಗಾರ್ಮೆಂಟ್ಸ್, ಆಸ್ಪತ್ರೆ, ಅಂಗಡಿ, ಮನೆಗೆಲಸ. ಬೆಳಗಿನ ರೈಲಿಗೆ ಓಡಬೇಕು, ನೂಕುನುಗ್ಗಲಲ್ಲಿ ಹತ್ತಬೇಕು, ದಿನಕ್ಕೆ ನಾಲ್ಕೈದು ಗಂಟೆ ಪ್ರಯಾಣ. ಸೀರೆ ಬಾಗಿಲಿಗೆ ಸಿಕ್ಕಿಕೊಳ್ಳುತ್ತದೆ, ನೆರಿಗೆ ಬಿಚ್ಚುತ್ತದೆ. ಚೂಡಿದಾರ್ ಬೇಡ ಅಂದಿದ್ದ ಅತ್ತೆಯಂದಿರೇ "ಅದನ್ನೇ ಹಾಕ್ಕೊಂಡು ಹೋಗು, ಬೀಳಬೇಡ" ಅಂದರು. ಬಟ್ಟೆಯ ನಿಯಮ ಬದಲಾಯಿಸಿದ್ದು ಯಾರ ಭಾಷಣವೂ ಅಲ್ಲ. ಅದು ರೈಲಿನ ಟೈಮು.

ಒಂದು ವಿಚಿತ್ರ ಗಮನಿಸಿ. ನಮ್ಮ ಹೆಂಗಸರು ಕೂತು ಹೊಲಿಯುವ ಗಾರ್ಮೆಂಟ್ಸಿನ ಬಟ್ಟೆ ಹೋಗುವುದು ಹೊರದೇಶಕ್ಕೆ. ದಿನಕ್ಕೆ ನೂರಾರು ತೋಳು, ಕಾಲರ್ ಹೊಲಿದವಳು ತನಗೊಂದು ಡ್ರೆಸ್ ಕೊಳ್ಳಲು ಹಬ್ಬದ ಬೋನಸ್ಸಿಗೆ ಕಾಯುತ್ತಾಳೆ. ಹಿಂದೆ ಗಂಡ ಅಗೆದ ಚಿನ್ನ ಲಂಡನ್ನಿಗೆ ಹೋಗುತ್ತಿತ್ತು, ಹೆಂಡತಿಯ ಕತ್ತಿನಲ್ಲಿ ಅರಿಸಿನ ದಾರ. ಕಥೆ ಅದೇ, ಸರಕು ಬೇರೆ.

ಆ ಹುಡುಗಿ ಏನು ಮಾಡಿದಳು?

ರೈಲಿನ ಹುಡುಗಿಯ ವಿಷಯಕ್ಕೆ ಬರುತ್ತೇನೆ. ರೆಡಿಮೇಡ್ ಬಿಟ್ಟುಬಿಡು ಅಂದೆ. ಅವಳ ಚಿಕ್ಕಮ್ಮನಿಗೆ ಹೊಲಿಗೆ ಬರುತ್ತದೆ. ಇಬ್ಬರೂ ಕಟ್ ಪೀಸ್ ಅಂಗಡಿಗೆ ಹೋದೆವು. ಬಟ್ಟೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಹಿಂದೆ ಕೈಯಿಟ್ಟು ನೋಡಿದೆವು. ಬೆರಳು ಕಂಡರೆ ಬೇಡ, ಅದಕ್ಕೆ ಲೈನಿಂಗ್ ಖರ್ಚು ಬೇರೆ ಬೀಳುತ್ತದೆ. ಮೂಲೆಯನ್ನು ಒದ್ದೆ ಕರವಸ್ತ್ರದಲ್ಲಿ ಉಜ್ಜಿದೆವು, ಬಣ್ಣ ಬಿಡುತ್ತದಾ ಅಂತ. ಕಾಟನ್ನನ್ನು ಹೊಲಿಯುವ ಮೊದಲು ನೀರಲ್ಲಿ ನೆನೆಸಲು ಚಿಕ್ಕಮ್ಮ ಹೇಳಿದರು, ಕುಗ್ಗುವುದಿದ್ದರೆ ಮೊದಲೇ ಕುಗ್ಗಲಿ ಅಂತ. ನಾಲ್ಕು ಟಾಪು, ಎರಡು ಪ್ಯಾಂಟು, ಎಲ್ಲದಕ್ಕೂ ಒಪ್ಪುವ ಎರಡು ವೇಲ್. ಬದಲಾಯಿಸಿ ಹಾಕಿದರೆ ವಾರ ಕಳೆಯುತ್ತದೆ. ಪಕ್ಕದ ಹೊಲಿಗೆಯಲ್ಲಿ ಒಂದಿಂಚು ಬಟ್ಟೆ ಒಳಗೆ ಬಿಟ್ಟರು, ಮೈ ಬಂದರೆ ಬಿಚ್ಚಲು.

ಅದು ಪಾಟಿಯ ಲಂಗದ ಮಡಿಕೆಯೇ ಅಲ್ಲವಾ?

ಅವಳು ಕೆಲಸಕ್ಕೆ ಹೋಗುತ್ತಿದ್ದಾಳೆ. ಮೊದಲ ಸಂಬಳದಲ್ಲಿ ಅಮ್ಮನಿಗೆ ಒಂದು ಸೀರೆ ತಂದಳು. ತಿಳಿ ಗುಲಾಬಿ ಬಣ್ಣ. "ಧೂಳು ಕಾಣುತ್ತೆ ಕಣೇ" ಅಂದರಂತೆ ಅಮ್ಮ. "ಕಂಡ್ರೆ ಒಗೆಯೋಣ ಬಿಡಮ್ಮ" ಅಂದಳಂತೆ ಇವಳು.

ಮೈ ಮುಚ್ಚುವ ಬಟ್ಟೆ ಬೇಕು ಅಂತ ಹೆಂಗಸರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದಕ್ಕಾಗಿ ನಮ್ಮ ಅಜ್ಜಿಯರ ಕಾಲದ ಹೆಂಗಸರು ಏಟು ತಿಂದಿದ್ದಾರೆ, ಕಂತು ಕಟ್ಟಿದ್ದಾರೆ, ರಾತ್ರಿ ಕೂತು ತೇಪೆ ಹಾಕಿದ್ದಾರೆ. ಇನ್ನು ಮುಂದೆ ಯಾರಾದರೂ ಹೆಣ್ಣುಮಕ್ಕಳ ಬಟ್ಟೆಯ ಬಗ್ಗೆ ಬುದ್ಧಿ ಹೇಳಲು ಬಂದರೆ, ಅದರ ರೇಟು ಎಷ್ಟು, ಕೊಡುವವರು ಯಾರು ಅಂತ ಮೊದಲು ಕೇಳಿ.

ನಿಮ್ಮ ಮನೆಯ ಟ್ರಂಕಿನಲ್ಲೂ ಒಂದು ಹಳೇ ಸೀರೆ ಇರುತ್ತದೆ. ಅದನ್ನು ಯಾವಾಗ ಕೊಂಡದ್ದು, ಎಷ್ಟು ಕಂತಿನಲ್ಲಿ ಕಟ್ಟಿದ್ದು ಅಂತ ಅಜ್ಜಿಯನ್ನು ಇವತ್ತೇ ಕೇಳಿ. ಆ ಲೆಕ್ಕ ಬೇರೆ ಯಾರ ಬಳಿಯೂ ಬರೆದಿಟ್ಟಿಲ್ಲ.